ಉಸುಕಿನ ಸಾಣಿಗಿ

ರಾತ್ರಿ ಎರಡಕ್ಕೆ ಬಂತು ಹೊಳಿ
ಲಾರಿ ಹತ್ತಿ, ದೀಪ ಆರಿಸಿಕೊಂಡು,
ನೇಕಾರ ನಗರದ ಮೂರನೇ ತಿರುವಿಗೆ.
ಟ್ರಾಲಿ ಎತ್ತಿ ಸುರಿದಾಗ
ಇನ್ನೂ ಹಸಿ ಇತ್ತು, ಬುಡದಿಂದ ನೀರು ಸೋರುತ್ತಿತ್ತು.
ರಸೀದಿ ಕೇಳಲಿಲ್ಲ ನಾನು. ಕೊಡಲಿಲ್ಲ ಅವನು.
'ಗಿಲಾವಕ್ಕ ಹೊಳಿ ಉಸುಕೇ ಆಗಬೇಕ್ರೀ ಸರ,
ಕಲ್ಲಿನ ಪುಡಿ ಗ್ವಾಡಿ ಹಿಡಿಯಂಗಿಲ್ಲ'
ಅಂತ ಗೌಂಡಿ ಮಾಬೂಸಾಬ ಮೊದಲೇ ಹೇಳಿದ್ದ.

ನಾನು ಎಂಟನೇ ಇಯತ್ತೆಗೆ ಸಮಾಜ ಹೇಳುವವನು.
ಇಪ್ಪತ್ತಾರು ವರ್ಷದಿಂದ ಜೂನ್ ಕೊನೆಗೆ ಅದೇ ಪಾಠ:
ನೈಲ್ ಉಕ್ಕಿತು, ಕೆಸರು ಬಿಟ್ಟಿತು, ಗೋಧಿ ಬೆಳೆಯಿತು.
ಗೋಧಿ ಮಿಕ್ಕಿತು, ಕಣಜ ಬಂತು, ಕಣಜಕ್ಕೆ ಬೀಗ,
ಬೀಗಕ್ಕೆ ಕಾವಲು, ಕಾವಲಿಗೆ ದೊರೆ,
ದೊರೆಗೆ ಲೆಕ್ಕ, ಲೆಕ್ಕಕ್ಕೆ ಅಕ್ಷರ.
ಎರಡು ಹೊಳೆಯ ನಡುವೆ, ಹಸಿ ಮಣ್ಣಿನ ಹಲಗೆಯ ಮೇಲೆ
ಮೊದಮೊದಲು ಬರೆದದ್ದು ಪದ್ಯವಲ್ಲ,
ಎಷ್ಟು ಕುರಿ, ಎಷ್ಟು ಜವೆಗೋಧಿ, ಯಾರ ಬಾಕಿ.
ಇಲ್ಲಿ ಹುಡುಗರು ನಗುತ್ತಾರೆ, ಪ್ರತಿ ವರ್ಷ.

ಪ್ರತಿ ವರ್ಷ ಒಬ್ಬ ಕೇಳುತ್ತಾನೆ:
'ಸರ, ಹುಬ್ಬಳ್ಳಿ ಹೊಳಿ ಯಾವುದ್ರಿ?'
ಹೊಳಿ ಇಲ್ಲಪ್ಪ. ನಾವು ದಿಬ್ಬದ ಮಂದಿ.
ನಮ್ಮ ಸೀಮೆಗೆ ಬಿದ್ದ ಮಳಿ
ಒಂದು ಪಾಲು ಪಡುವಣ ಕಡಲಿಗೆ, ಒಂದು ಪಾಲು ಮೂಡಣ ಕಡಲಿಗೆ,
ನಮ್ಮ ಹತ್ತಿರ ನಿಲ್ಲುವುದು ಯಾವುದೂ ಇಲ್ಲ.
ಎಂಟು ದಿನಕ್ಕೊಮ್ಮೆ ನಳದಾಗ ಮಲಪ್ರಭಾ ಬರ್ತಾಳ,
ಹೊತ್ತುಗೊತ್ತಿಲ್ಲದೆ, ಮೊದಲು ಗಾಳಿ ಉಗುಳಿ.
ಆಗ ಇಡೀ ಓಣಿ ಬೀದಿಗೆ: ಕೊಡ, ಡ್ರಮ್ಮು, ಜಗಳ.
ಅದೂ ಒಂದು ನಾಗರಿಕತೆಯೇ.

ಬೆಳಿಗ್ಗೆ ಫಕ್ಕೀರವ್ವ ಸಾಣಿಗಿ ಆನಿಸಿ ನಿಲ್ಲಿಸಿದಳು.
ಸಲಿಕೆ ಬೀಸಿದಂತೆ ಉಸುಕು ಆಚೆ, ಉಳಿದದ್ದು ಈಚೆ:
ಕಪ್ಪೆಚಿಪ್ಪು, ಚಪ್ಪಲಿಯ ಒಂದು ಉಂಗುಟ, ಬೇರು,
ಹಸಿರು ಬಳಿ ಚೂರು, ತಾಯತದ ತಗಡು,
ಮತ್ತೆ ಇದು:
ಅಂಗೈಯಗಲ ಗಡಿಗಿ ಬೋಕಿ,
ಒಳಗೆ ಕಪ್ಪು, ಹೊರಗೆ ಕೆಂಪು,
ಕಂಠದ ಕೆಳಗೆ ಸಾಲಾಗಿ ಹೆಬ್ಬೆರಳು ಒತ್ತಿದ ಗುರುತು.

'ಎರಡು ಮೂರು ಸಾವಿರ ವರ್ಷದ್ದಿದ್ದೀತು' ಅಂದೆ, ಪಾಠದ ದನಿಯಲ್ಲಿ.
ಆಕೆ ಸೆರಗಿನಿಂದ ಒರೆಸಿ ತಿರುವಿ ನೋಡಿದಳು.
ಹಾವೇರಿ ಕಡೆಯವಳು, ತುಂಗಭದ್ರೆಯ ದಂಡಿಯವಳು.
'ನಮ್ಮ ಹೊಲದ ಬದೀಗೆ ಇಂಥಾವು ರಗಡ ಇದ್ದುವ್ರಿ.
ಬೂದಿ ಮಣ್ಣಿನ ದಿಬ್ಬ. ಅಜ್ಜ ಅಲ್ಲಿ ನೇಗಿಲ ಹೂಡ್ತಿದ್ದಿಲ್ಲ,
ಹಿರ್ಯಾರು ಒಲಿ ಹೂಡಿದ ಜಾಗ ಅಂತಿದ್ದ.
ಆಮ್ಯಾಲೆ ಬೋಟು ಬಂದ್ವು, ಪೈಪ ಇಳಿಸಿ ಹೊಳಿ ತಳ ಹೀರಿದ್ರು.
ತಳ ಹೋದ್ರ ದಂಡಿ ನಿಂದರ್ತೈತೇನ್ರಿ?
ಮೊದಲ ದಿಬ್ಬ ಕುಸೀತು, ಹಿಂದಿಂದ ಹೊಲ,
ಹಿಂದಿಂದ ನಾವು ಗಂಟು ಕಟ್ಟಿದ್ವಿ.'
ಸಲಿಕೆ ಊರಿ ರಾಶಿಯನ್ನೇ ನೋಡಿದಳು,
ತವರಿನಿಂದ ಬಂದವರನ್ನು ನೋಡುವ ಹಾಗೆ:
'ನಿಮ್ಮ ಮನಿ ಕಟ್ಟಾಕ ನಮ್ಮ ಊರ ಬಂದೈತ್ರಿ, ಸರ.'

ಚುಚ್ಚಿ ಅಂದದ್ದಲ್ಲ. ನಕ್ಕೇ ಅಂದದ್ದು.
ನಾನು ಚಹಾ ತರಿಸಿದೆ.

ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಹಿಡಿಸಲಿಲ್ಲ.
'ಸಣ್ಣ ಹುಡುಗೀದಿದ್ದೀತು. ಅವ್ವ ಗಡಿಗಿ ತಟ್ಟುವಾಗ
ನಾನೂ ಒತ್ತತೀನಿ ಅಂತ ಹಟ ಮಾಡಿರಬೇಕು.'
ದೊರೆ, ಕಣಜ, ಬೀಗ ಅನ್ನುತ್ತ ಬಂದ ನನಗೆ
ಈ ಹಟ ಎಲ್ಲೂ ಸಿಕ್ಕಿರಲಿಲ್ಲ.

ವಸ್ತುಸಂಗ್ರಹಾಲಯಕ್ಕೆ ಕೊಡೋಣವೆಂದರೆ
ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ.
ಮಾಬೂಸಾಬ ಒಂದಕ್ಕೆ ಆರು ಹಾಕಿ ಕಲಸಿದ.
ಟ್ಯಾಂಕರಿನ ನೀರು ಕುಡಿದು ಗ್ವಾಡಿ
ರಾತ್ರಿಯೆಲ್ಲ ಚುರ್ ಅನ್ನುತ್ತಿತ್ತು.

ಬೋಕಿ ಫಕ್ಕೀರವ್ವನ ಮೊಮ್ಮಗಳ ಕೈಗೆ ಹೋಯಿತು.
ಸಂಜೆ ಇದ್ದಲಿಯಿಂದ ರಸ್ತೆಯ ಮೇಲೆ ಎಂಟು ಮನಿ ಬರೆದು
ಒಂದು ಕಾಲೆತ್ತಿ ನಿಂತು ಎಸೆದಳು.
ಜಾರಿ, ಜಾರಿ, ಗೆರೆಯ ಮೇಲೆ ನಿಂತಿತು.
ಈ ಮನಿಯೋ, ಆ ಮನಿಯೋ?
ಹುಡುಗಿಯರು ಜಡೆಗೆ ಕೈ ಹಾಕುವ ಹೊತ್ತಿಗೆ
ನಳ ಗಾಳಿ ಉಗುಳಿತು.
ಎಲ್ಲರೂ ಕೊಡದತ್ತ ಓಡಿದರು.